ಗೇರಿಗೂ ಕರೆಂಟು ಬೇಕಾದಾಗ

ಕೇಳುಗರಿಗೆ ನಮಸ್ಕಾರ.

ಸಂಪಾಜೆಯಿಂದ ಮಡಿಕೇರಿಗೆ ಸೈಕಲ್ ತುಳಿದು ಬರುವವರನ್ನು ನೀವೂ ನೋಡಿರುತ್ತೀರಿ. ಕೆಲವರ ಸೈಕಲ್ಲಿನಲ್ಲಿ ಗೇರ್ ಬದಲಾಗುವಾಗ ಸಣ್ಣದೊಂದು ಮೋಟಾರ್ ಸದ್ದು ಕೇಳುತ್ತದೆ. ಅದು ಎಲೆಕ್ಟ್ರಾನಿಕ್ ಗೇರ್. ಗುಂಡಿ ಒತ್ತಿದರೆ ಸಾಕು, ಕೇಬಲ್ ಎಳೆಯುವ ಕೆಲಸವಿಲ್ಲ.

ಶಿಮಾನೊ ಕಂಪನಿಯ ಡಿಐ2 ಮಾರುಕಟ್ಟೆಗೆ ಬಂದದ್ದು 2009ರಲ್ಲಿ. ಗುಂಡಿಯಿಂದ ಡಿರೈಲರ್‌ವರೆಗೂ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗದವರೆಗೂ, ಅದರಲ್ಲಿ ವೈರ್ ಇತ್ತು. 2015ರಲ್ಲಿ ಸ್ರಾಮ್ ಕಂಪನಿ ಇಟ್ಯಾಪ್ ತಂದು ವೈರನ್ನೇ ಕಿತ್ತುಹಾಕಿತು. 2021ರಲ್ಲಿ ಶಿಮಾನೊ ಅರ್ಧ ದಾರಿ ಬಂತು: ಹ್ಯಾಂಡಲ್ಲಿನ ಲಿವರ್‌ಗಳಿಗೆ ವೈರಿಲ್ಲ, ಆದರೆ ಮುಂದೆ ಪೆಡಲ್ ಬಳಿಯ, ಹಿಂದೆ ಚಕ್ರದ ಬಳಿಯ ಎರಡೂ ಡಿರೈಲರ್‌ಗಳಿಗೆ ಸೀಟಿನ ಕೊಳವೆಯೊಳಗಿನ ಒಂದೇ ಬ್ಯಾಟರಿಯಿಂದ ವೈರ್ ಹೋಗುತ್ತದೆ.

ಯಾವುದು ಬೇಗ ಗೇರ್ ಹಾಕುತ್ತದೆ ಅಂತ ಜನ ವಾದ ಮಾಡುತ್ತಾರೆ. ರೇಸಿಗೆ ಹೋಗುವವರಿಗೆ ಅದು ಬೇಕಾದೀತು. ನಮ್ಮ ಕೊಡಗಿನಲ್ಲಿ ನಾನು ಕೇಳುವ ಪ್ರಶ್ನೆಯೇ ಬೇರೆ: ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಚಾರ್ಜ್ ಮಾಡುವುದು ಎಲ್ಲಿ?

ಇಲ್ಲಿ ನನ್ನ ಮತ ಸ್ರಾಮ್ ಕಡೆಗೆ. ಅದರ ಪ್ರತಿ ಡಿರೈಲರ್‌ಗೂ ಬೆಂಕಿಪೊಟ್ಟಣದಷ್ಟು ಚಿಕ್ಕ ಬ್ಯಾಟರಿ. ಕಳಚಿ ಜೇಬಿಗೆ ಹಾಕಿಕೊಂಡು ಪೇಟೆಗೆ ಹೋದಾಗ ಚಾರ್ಜ್ ಮಾಡಿಕೊಂಡು ಬರಬಹುದು. ಶಿಮಾನೊದ ಈ ವೈರಿನ ಬಗೆಯದ್ದಾದರೆ ಇಡೀ ಸೈಕಲ್ಲನ್ನೇ ಪ್ಲಗ್ಗಿನ ಹತ್ತಿರ ತರಬೇಕು. ಇನ್ನೊಂದು ಉಪಾಯವೂ ಇದೆ. ಘಾಟಿಯಲ್ಲಿ ಹಿಂದಿನ ಗೇರೇ ಜಾಸ್ತಿ ಕೆಲಸ ಮಾಡುವುದು, ಹಾಗಾಗಿ ಅದರ ಬ್ಯಾಟರಿಯೇ ಮೊದಲು ಖಾಲಿ. ಆಗ ಮುಂದೆ ಚೈನನ್ನು ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ, ಮುಂದಿನ ಬ್ಯಾಟರಿ ತೆಗೆದು ಹಿಂದೆ ಹಾಕಿ. ಮನೆ ಸೇರಬಹುದು, ಅಲ್ವಾ?

ಶಿಮಾನೊವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಒಂದು ಚಾರ್ಜಿಗೆ ಸುಮಾರು 1000 ಕಿಲೋಮೀಟರ್ ಅಂತ ಕಂಪನಿ ಹೇಳುತ್ತದೆ. ಚಾರ್ಜ್ ತೀರುತ್ತಾ ಬಂದರೆ ಮೊದಲು ಮುಂದಿನ ಗೇರ್ ನಿಲ್ಲುತ್ತದೆ, ಹಿಂದಿನದು ಇನ್ನೂ ಸ್ವಲ್ಪ ಓಡುತ್ತದೆ. ಒಂದೇ ಬ್ಯಾಟರಿ ನೋಡಿಕೊಂಡರೆ ಸಾಕು ಎನ್ನುವುದೂ ನೆಮ್ಮದಿಯೇ. ವೈರಿಲ್ಲದ ಲಿವರ್‌ಗಳಿಗೆ ಮಾತ್ರ ಬಟನ್ ಸೆಲ್ ಬೇಕು. ಅದು ಬಹುಕಾಲ ಬಾಳುತ್ತದೆ, ಆದರೂ ಒಂದು ಜೊತೆ ಚೀಲದಲ್ಲಿರಲಿ.

2024ರಲ್ಲಿ ಅಮೆರಿಕದ ಸಂಶೋಧಕರು ಶಿಮಾನೊದ ವೈರ್‌ಲೆಸ್ ಸಿಗ್ನಲ್ಲನ್ನು ಹಿಡಿದಿಟ್ಟು, ದೂರದಿಂದಲೇ ಗೇರ್ ಬದಲಿಸಿ ತೋರಿಸಿದರು. ಕಂಪನಿ ಸಾಫ್ಟ್‌ವೇರ್ ಸರಿಮಾಡಿತು. ಹೊಸ ಸಾಫ್ಟ್‌ವೇರ್ ಹಾಕಿಸಿಕೊಳ್ಳಿ. ಭಾಗಮಂಡಲದ ರಸ್ತೆಯಲ್ಲಿ ನಿಮ್ಮ ಗೇರ್ ಕೆಡಿಸಲು ಯಾರೂ ಹೊಂಚು ಹಾಕಿ ಕೂತಿರಲಿಕ್ಕಿಲ್ಲ ಬಿಡಿ!

ಇಷ್ಟು ದುಡ್ಡು ಹಾಕಲು ಮನಸ್ಸಿಲ್ಲದವರು ಕೇಬಲ್ ಗೇರಿನಲ್ಲೇ ಇರಿ. ಮಳೆಗಾಲ ಮುಗಿದ ಮೇಲೆ ಹೊಸ ಕೇಬಲ್ ಹಾಕಿಸಿ. ನಮಸ್ಕಾರ.