ನಾಣ್ಯವನ್ನು ದೀಪದ ಕೆಳಗೆ ಹಿಡಿದು ನೋಡಿ

ಕೇಳುಗರಿಗೆ ನಮಸ್ಕಾರ.

ನನ್ನ ಮಾತು ಕೇಳುತ್ತಲೇ ಒಂದು ಸಣ್ಣ ಕೆಲಸ ಮಾಡಿ. ಅಡುಗೆಮನೆಯ ಚಿಲ್ಲರೆ ಡಬ್ಬಿಯಿಂದ ಆದಷ್ಟು ಹೊಸದಾದ ಒಂದು ನಾಣ್ಯ ತೆಗೆದುಕೊಳ್ಳಿ. ಮುಖಕ್ಕೆ ಬೆರಳು ತಾಗಿಸದೆ ಅಂಚು ಹಿಡಿಯಿರಿ. ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ಬಲ್ಬ್ ಇಟ್ಟುಕೊಳ್ಳಿ. ಈಗ ನಾಣ್ಯವನ್ನು ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ.

ಬೆಳಕಿನ ಒಂದು ಪಟ್ಟಿ ನಡುವಿನಿಂದ ಅಂಚಿನವರೆಗೆ ಚಾಚಿಕೊಂಡು, ಸೈಕಲ್ ಚಕ್ರದ ಕಡ್ಡಿಯ ಹಾಗೆ ಸುತ್ತುತ್ತದೆ, ಅಲ್ವಾ? ಸುತ್ತದಿದ್ದರೆ ಆ ನಾಣ್ಯ ಬಹಳ ಕೈ ದಾಟಿ ಬಂದಿದೆ, ಬೇರೆಯದು ನೋಡಿ.

ಆ ಸುತ್ತುವ ಬೆಳಕು ಹುಟ್ಟುವುದು ಟಂಕಸಾಲೆಯಲ್ಲಿ. ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಆ ಕ್ಷಣದಲ್ಲಿ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹರಿದ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಬೆಳಕು ಆಡುವುದು ಆ ಗೆರೆಗಳ ಮೇಲೆ. ಬಳಕೆಯ ನಾಣ್ಯಗಳನ್ನು ಯಂತ್ರ ನಿಮಿಷಕ್ಕೆ ನೂರಾರು ಹೊಡೆಯುತ್ತದೆ, ಒಂದಕ್ಕೆ ಒಂದೇ ಪೆಟ್ಟು. ಹೊಡೆದ ಮೇಲೆ ಯಾರ ಕೈಗೂ ಹೋಗದೆ ಉಳಿದದ್ದನ್ನು ನಾವು ಸಂಗ್ರಹಕಾರರು ಯುಎನ್‌ಸಿ, ಅಂದರೆ ಅನ್‌ಸರ್ಕ್ಯುಲೇಟೆಡ್, ಅನ್ನುತ್ತೇವೆ.

ಸಂಗ್ರಹಕಾರರಿಗಾಗಿ ವಿಶೇಷವಾಗಿ ಹೊಡೆಯುವ ಪ್ರೂಫ್ ನಾಣ್ಯ ಮಾಡುವ ಬಗೆಯೇ ಬೇರೆ. ಬಿಲ್ಲೆಯನ್ನು ಮೊದಲೇ ಉಜ್ಜಿ ನುಣುಪು ಮಾಡಿರುತ್ತಾರೆ. ಅಚ್ಚಿನ ಬಯಲು ಭಾಗವನ್ನು, ಅಂದರೆ ಚಿತ್ರ, ಅಕ್ಷರ ಇಲ್ಲದ ಸಪಾಟು ಜಾಗವನ್ನು, ಕನ್ನಡಿಯಾಗುವವರೆಗೆ ಉಜ್ಜುತ್ತಾರೆ. ಚಿತ್ರ ಕೊರೆದ ಕುಳಿಗಳನ್ನು ಮಾತ್ರ ಬೇಕೆಂದೇ ಒರಟಾಗಿ ಬಿಡುತ್ತಾರೆ. ಆಮೇಲೆ ನಿಧಾನವಾಗಿ, ಜಾಸ್ತಿ ಒತ್ತಡದಲ್ಲಿ, ಎರಡು ಸಲ ಅಥವಾ ಇನ್ನೂ ಹೆಚ್ಚು ಸಲ ಒತ್ತುತ್ತಾರೆ. ಹಾಗಾಗಿ ಬಯಲು ಕನ್ನಡಿಯಂತೆ, ಚಿತ್ರ ಇಬ್ಬನಿ ಕೂತ ಹಾಗೆ ಬೆಳ್ಳಗೆ. ಅಂಚು ಚೂಪು, ಅಕ್ಷರದ ಮೂಲೆ ಮೂಲೆಯೂ ತುಂಬಿರುತ್ತದೆ. ಹಿಂದಿನ ಕಾಲದಲ್ಲಿ ಅಚ್ಚು ಸರಿಯಿದೆಯಾ ಎಂದು ನೋಡಲು ಹೀಗೆ ಜೋಪಾನವಾಗಿ ಹೊಡೆಯುತ್ತಿದ್ದರು. ಪ್ರೂಫ್ ಎಂಬ ಹೆಸರು ಬಂದದ್ದು ಅಲ್ಲಿಂದ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪ್ರೂಫ್ ಅನ್ನುವುದು ನಾಣ್ಯ ಎಷ್ಟು ಚೆನ್ನಾಗಿದೆ ಅನ್ನುವುದರ ಲೆಕ್ಕ ಅಲ್ಲ. ಅದು ಹೇಗೆ ಹುಟ್ಟಿತು ಅನ್ನುವುದರ ಹೆಸರು. ಜೇಬಿನಲ್ಲಿ ವರ್ಷಗಟ್ಟಲೆ ಸವೆದರೂ ಪ್ರೂಫ್ ಪ್ರೂಫೇ. ಬಳಕೆಯ ನಾಣ್ಯವನ್ನು ಎಷ್ಟು ತಿಕ್ಕಿದರೂ ಪ್ರೂಫ್ ಆಗುವುದಿಲ್ಲ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಆಗಿನ್ನೂ ಹೊಸ ಹುಚ್ಚು. ಇಲ್ಲೇ ಮೈಸೂರಿನಲ್ಲಿ ಒಬ್ಬ ವ್ಯಾಪಾರಿ ಗಾಂಧೀಜಿ ಶತಮಾನೋತ್ಸವದ 10 ರೂಪಾಯಿ ಬೆಳ್ಳಿ ನಾಣ್ಯ ತೋರಿಸಿದರು. 1969ರದು, 15 ಗ್ರಾಂ, ನೂರಕ್ಕೆ ಎಂಬತ್ತು ಪಾಲು ಬೆಳ್ಳಿ. ಫಳಫಳ ಹೊಳೆಯುತ್ತಿತ್ತು. "ಪ್ರೂಫ್ ಸಾರ್, ಸಿಗೋದೇ ಇಲ್ಲ" ಅಂದರು. ನಂಬಿ, ಕೇಳಿದಷ್ಟು ಕೊಟ್ಟು ತಂದೆ.

ಮನೆಯಲ್ಲಿ ಭೂತಗನ್ನಡಿ ಇಟ್ಟು ನೋಡಿದಾಗ ಎದೆ ಧಸಕ್ ಅಂದಿತು. ಬಯಲಿನ ತುಂಬ ಕೂದಲಿನಷ್ಟು ಸಣ್ಣ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ. ಗಾಂಧೀಜಿಯವರ ಕಿವಿ, ಮೀಸೆ ಎರಡೂ ಮಸುಕಾಗಿದ್ದವು. ಚಿತ್ರದ ಮೇಲೂ ಬಯಲಿನ ಮೇಲೂ ಒಂದೇ ತರಹದ ಮಿರುಗು. ಅಕ್ಷರಗಳ ಸಂದಿಯಲ್ಲಿ ಮಾತ್ರ ಹಳೆಯ ಕಪ್ಪು ಹಾಗೇ ಕೂತಿತ್ತು. ಚಕ್ರದಂತೆ ಸುತ್ತುವ ಬೆಳಕು ಎಲ್ಲಿಯೂ ಇಲ್ಲ. ಯಾರೋ ಆಭರಣಕ್ಕೆ ಪಾಲಿಶ್ ಹಾಕುವ ಹಾಗೆ ಹಾಕಿಸಿದ್ದರು. ಲೋಹ ಹರಿದ ಆ ಸಣ್ಣ ಗೆರೆಗಳು ಒಮ್ಮೆ ಅಳಿಸಿದರೆ ಮುಗಿಯಿತು, ಮತ್ತೆ ತರುವ ವಿದ್ಯೆ ಯಾರಲ್ಲೂ ಇಲ್ಲ.

ಇನ್ನೊಂದು ಗುರುತನ್ನೂ ನಾನು ನೋಡಿರಲಿಲ್ಲ. ಮುಂಬೈ ಟಂಕಸಾಲೆಯ ಬಳಕೆಯ ನಾಣ್ಯಕ್ಕೆ ಇಸವಿಯ ಕೆಳಗೆ ಸಣ್ಣ ವಜ್ರದಾಕಾರದ ಚುಕ್ಕಿ ಇರುತ್ತದೆ. ಅಲ್ಲಿನ ಪ್ರೂಫ್‌ಗೆ 1969ರಿಂದ ಬಿ ಅಕ್ಷರ, ಊರಿನ ಹೆಸರು ಮುಂಬೈ ಆದ ಮೇಲೆ 1996ರಿಂದ ಎಂ ಅಕ್ಷರ. ನನ್ನ ನಾಣ್ಯದಲ್ಲಿ ಇದ್ದದ್ದು ಚುಕ್ಕಿ. ಆದರೆ ಗುರುತೊಂದನ್ನೇ ನೆಚ್ಚಬೇಡಿ. ಕೋಲ್ಕತ್ತದ ನಾಣ್ಯಗಳಿಗೆ ಗುರುತೇ ಇರುವುದಿಲ್ಲ. ಅಲ್ಲಿ ಕಣ್ಣೇ ಗತಿ.

ಕಣ್ಣಿಗೆ ಸಹಾಯವಾಗಲು ಒಂದು ಉಪಾಯವಿದೆ. ಇವತ್ತಿನ ಪೇಪರ್ ಮೇಜಿನ ಮೇಲೆ ಹಾಸಿ. ನಾಣ್ಯವನ್ನು ಅಂಚಿನ ಮೇಲೆ, ಅಕ್ಷರಗಳಿಗೆ ಎದುರಾಗಿ ನೆಟ್ಟಗೆ ನಿಲ್ಲಿಸಿ. ಬಯಲಿನಲ್ಲಿ ಅಕ್ಷರದ ಬಿಂಬ ಕಾಣಬೇಕು. ಮೆಲ್ಲಗೆ ನಾಣ್ಯವನ್ನು ಹಿಂದಕ್ಕೆ ಸರಿಸುತ್ತಾ ಹೋಗಿ. ಬಳಕೆಯ ನಾಣ್ಯದಲ್ಲಿ ಬೇಗನೆ ಎಲ್ಲ ಕಲಸಿಹೋಗುತ್ತದೆ. ಒಳ್ಳೆಯ ಪ್ರೂಫ್‌ನಲ್ಲಿ ನಾಲ್ಕೈದು ಇಂಚು ದೂರ ಹೋದರೂ 'ಕ' ಯಾವುದು, 'ತ' ಯಾವುದು ಎಂದು ಹೇಳಬಹುದು. ನಡುವಿನ ಜಾತಿಯೂ ಒಂದಿದೆ. ಅಚ್ಚು ಹೊಸದಾಗಿ ಉಜ್ಜಿಸಿಕೊಂಡು ಬಂದಾಗ ಮೊದಮೊದಲು ಹೊಡೆದ ಬಳಕೆಯ ನಾಣ್ಯಗಳಿಗೂ ಸ್ವಲ್ಪ ಕನ್ನಡಿ ಬರುತ್ತದೆ. ಅದನ್ನು ಪ್ರೂಫ್‌ಲೈಕ್ ಅನ್ನುತ್ತಾರೆ. ಪಳಗಿದವರೂ ಎಡವುವುದು ಇಲ್ಲೇ. ಅಂಚು ಎಷ್ಟು ಚೂಪಾಗಿದೆ, ಚಿತ್ರ ಎಷ್ಟು ತುಂಬಿದೆ ಎಂದು ನೋಡಿ ತೀರ್ಮಾನಿಸಬೇಕು.

ಹೊರದೇಶದ ನಾಣ್ಯ ಕೈಗೆ ಬಂದರೆ ಈ ಲೆಕ್ಕ ಅಲ್ಲಲ್ಲಿ ತಲೆಕೆಳಗಾಗುತ್ತದೆ. 2006ರಲ್ಲಿ ಅಮೆರಿಕದ ಟಂಕಸಾಲೆ ತನ್ನ ಈಗಲ್ ಬೆಳ್ಳಿ ನಾಣ್ಯದಲ್ಲಿ ಬಯಲನ್ನು ಇಬ್ಬನಿಯಾಗಿಸಿ, ಚಿತ್ರವನ್ನು ಕನ್ನಡಿಯಾಗಿಸಿತು. ಅದು ರಿವರ್ಸ್ ಪ್ರೂಫ್. ನೂರು ವರ್ಷದ ಹಿಂದೆ ಅಲ್ಲಿಯೇ ಮ್ಯಾಟ್ ಪ್ರೂಫ್ ಮಾಡುತ್ತಿದ್ದರು. ಅದರಲ್ಲಿ ಕನ್ನಡಿಯೇ ಇಲ್ಲ, ಎಲ್ಲ ಮಂಕು. ಗೊತ್ತಿಲ್ಲದವರು ಹಳೆಯ ಸಾಮಾನ್ಯ ನಾಣ್ಯ ಅಂತ ಪಕ್ಕಕ್ಕಿಡುತ್ತಾರೆ.

ನಮ್ಮ ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಟಿಪ್ಪು ಕಾಲದಲ್ಲಿ ಹೊಡೆದ ಆನೆ ಕಾಸುಗಳಿಗೆ ಈ ಅಳತೆ ಹಚ್ಚಬೇಡಿ. ಅವು ಕೈಯಿಂದ ಸುತ್ತಿಗೆ ಹಾಕಿ ಹೊಡೆದವು. ಒಂದರಲ್ಲಿ ಆನೆಯ ಸೊಂಡಿಲು ಅಂಚಿನಾಚೆ ಹೋಗಿರುತ್ತದೆ, ಇನ್ನೊಂದರಲ್ಲಿ ಬಾಲ. ಅದೇ ಅವುಗಳ ಚೆಲುವು.

ನೋಡಿ ಕಲಿಯಲು ನಮ್ಮೂರಿನದೇ ನಾಣ್ಯ ಒಂದಿದೆ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ನೂರು ವರ್ಷ ತುಂಬಿದ 2016ರಲ್ಲಿ ಬಂದ 100 ರೂಪಾಯಿ ನಾಣ್ಯ. 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅರ್ಧದಷ್ಟು ಬೆಳ್ಳಿ. ಅಷ್ಟು ದೊಡ್ಡ ಬಯಲಿನಲ್ಲಿ ಹೊಳಪಿನ ಗುಣ ಚೆನ್ನಾಗಿ ಓದಬಹುದು. ಆದರೆ ಡಬ್ಬಿಯಿಂದ ಹೊರಗೆ ತೆಗೆಯಬೇಡಿ. ಕನ್ನಡಿಯಂಥ ಬಯಲಿಗೆ ತಗುಲಿದ ಬೆರಳ ಗುರುತು ಕೆಲವು ತಿಂಗಳಲ್ಲಿ ಕಂದು ಕಲೆಯಾಗಿ ಕೂತುಬಿಡುತ್ತದೆ.

ಇನ್ನು ಅಮ್ಮಂದಿರಲ್ಲಿ, ಅಜ್ಜಿಯರಲ್ಲಿ ಒಂದು ವಿನಂತಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಬೆಳ್ಳಿ ದೀಪ, ತಟ್ಟೆ ಎಲ್ಲ ವಿಭೂತಿ ಹಾಕಿ ತಿಕ್ಕುತ್ತೀರಿ. ತಿಕ್ಕಿ. ಆದರೆ ಪೂಜೆಗೆ ಇಡುವ ಹಳೆಯ ಬೆಳ್ಳಿ ರೂಪಾಯಿಯನ್ನು ಮಾತ್ರ ಸುಮ್ನೆ ಹಾಗೇ ಬಿಟ್ಟುಬಿಡಿ, ಕಪ್ಪಾಗಿದ್ದರೂ ಸರಿ.

ಆ ಪಾಲಿಶ್ ಹಾಕಿದ ಗಾಂಧಿ ನಾಣ್ಯವನ್ನು ನಾನು ಮಾರಲಿಲ್ಲ. ಪಕ್ಕದಲ್ಲಿ ಬಿ ಅಕ್ಷರದ ನಿಜವಾದ ಪ್ರೂಫ್ ಒಂದನ್ನು ಇಟ್ಟಿದ್ದೇನೆ. ಹೊಸದಾಗಿ ಸಂಗ್ರಹ ಶುರು ಮಾಡಿದ ಹುಡುಗರು ಮನೆಗೆ ಬಂದಾಗ ಎರಡನ್ನೂ ಮುಂದಿಡುತ್ತೇನೆ, ಏನೂ ಹೇಳುವುದಿಲ್ಲ. ಟ್ಯೂಬ್‌ಲೈಟ್ ಆರಿಸಿ, ಮೇಜಿನ ದೀಪ ಹಾಕುತ್ತೇನೆ.

ನಮಸ್ಕಾರ.