ಮೇಣಕ್ಕೆ ಇಳಿಯುವ ಭಯ: ಅಲ್ಬರ್ಟಾದ ಉಕ್ರೇನಿಯನ್ ಅಜ್ಜಿಯರ ಮದ್ದು

ನಮಸ್ಕಾರ. ಕೆನಡಾದ ಅಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್ ನಗರ ದಾಟಿ ಯೆಲ್ಲೋಹೆಡ್ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟಿದ್ದೇವೆ. ಊರು ಮುಗಿದು ಹೊಲಗಳು ಶುರುವಾದ ಮೇಲೆ ಅಲ್ಲೊಂದು ಇಲ್ಲೊಂದು ಗುಮ್ಮಟ ತಲೆ ಎತ್ತುತ್ತದೆ. ಸುತ್ತ ಒಂದು ಮನೆಯೂ ಇಲ್ಲದ ಕಡೆ ಬಣ್ಣ ಬಳಿದ ಮರದ ಚರ್ಚು, ಪಕ್ಕದಲ್ಲಿ ಸಮಾಧಿಗಳು. ಈ ಲಮಾಂಟ್ ಕೌಂಟಿ ತನ್ನನ್ನು ಉತ್ತರ ಅಮೆರಿಕದ ಚರ್ಚುಗಳ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಬಂದವರೆಲ್ಲ ಗುಮ್ಮಟದ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನನಗೆ ಕುತೂಹಲವಿರುವುದು ಈ ಹೊಲಗಳ ನಡುವಿನ ಹಳೆಯ ಮನೆಗಳ ಅಡುಗೆಕೋಣೆಯ ಬಗ್ಗೆ.

ನನ್ನ ಜೊತೆ ಕೆಲಸ ಮಾಡುವವರೊಬ್ಬರ ತಾಯಿ ಈ ಕಡೆಯವರು. ಚಿಕ್ಕಂದಿನಲ್ಲಿ ನಾಯಿಯೊಂದು ಮೈಮೇಲೆ ಎಗರಿ, ಆಮೇಲೆ ರಾತ್ರಿಯೆಲ್ಲ ಬೆಚ್ಚಿಬೀಳುತ್ತಿದ್ದರಂತೆ. ಮನೆಯವರು ಪಕ್ಕದ ಹೊಲದ ಅಜ್ಜಿಯ ಹತ್ತಿರ ಕರೆದುಕೊಂಡು ಹೋದರು. ಇಲ್ಲಿ ಅಜ್ಜಿಗೆ ಬಾಬಾ ಎನ್ನುತ್ತಾರೆ. ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಬಾಬಾ ಒಲೆಯ ಮೇಲೆ ಜೇನುಮೇಣ ಕರಗಿಸುತ್ತಾಳೆ. ತಲೆಯ ಮೇಲೆ ತಣ್ಣೀರಿನ ಬಟ್ಟಲು ಹಿಡಿಯುತ್ತಾರೆ. ಪ್ರಾರ್ಥನೆ ಹೇಳುತ್ತ, ಶಿಲುಬೆಯ ಗುರುತು ಮಾಡುತ್ತ, ಕರಗಿದ ಮೇಣವನ್ನು ಆ ನೀರಿಗೆ ಸುರಿಯುತ್ತಾಳೆ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ತಣ್ಣೀರು ಸೋಕಿದ ಕ್ಷಣವೇ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದ ಮೇಣವನ್ನು ಮಗುಚಿ, ಅಡಿಭಾಗದಲ್ಲಿ ಮೂಡಿದ ಆಕಾರ ನೋಡುತ್ತಾಳೆ. ನಾಯಿಯೋ, ಕುದುರೆಯೋ, ಬೆಂಕಿಯೋ, ಮನುಷ್ಯನ ಮುಖವೋ! ಭಯ ಎಲ್ಲಿಂದ ಬಂತು ಎಂಬುದು ಅಲ್ಲಿ ಕಾಣುತ್ತದೆ ಎಂಬ ನಂಬಿಕೆ. ಮತ್ತೆ ಕರಗಿಸಿ, ಮತ್ತೆ ಸುರಿಯುತ್ತಾರೆ. ಸಾಮಾನ್ಯವಾಗಿ ಮೂರು ಸಲ. ಆ ನೀರನ್ನು ಜನ ತುಳಿಯದ ಜಾಗದಲ್ಲಿ ಚೆಲ್ಲುತ್ತಾರೆ.

ನಮ್ಮ ಊರುಗಳಲ್ಲಿ ಬೆಚ್ಚಿದ ಮಗುವಿಗೆ ನಿವಾಳಿಸಿ ಅಂತ್ರ ಕಟ್ಟಿಸುವುದನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ನಿದ್ದೆ ಬಾರದವರು, ಉಗ್ಗುವ ಮಕ್ಕಳು, ಹಾಸಿಗೆ ಒದ್ದೆ ಮಾಡುವ ಮಕ್ಕಳು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವ ದೊಡ್ಡವರು, ಎಲ್ಲರೂ ಈ ಅಜ್ಜಿಯರ ಬಾಗಿಲಿಗೆ ಬರುತ್ತಿದ್ದರು. ಬಾಬಾ ಇಷ್ಟು ಹಣ ಕೊಡಿ ಎಂದು ಕೇಳುವುದಿಲ್ಲ. ವಾಸಿ ಮಾಡುವವನು ದೇವರು, ತಾನು ಬರೀ ಕೇಳಿಕೊಳ್ಳುವವಳು ಎನ್ನುತ್ತಾಳೆ.

ಇದು ಇಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ್ದೇಕೆ? 1891ರಲ್ಲಿ ಈಗಿನ ಉಕ್ರೇನಿನ ನೆಬಿಲಿವ್ ಎಂಬ ಹಳ್ಳಿಯಿಂದ ಇವಾನ್ ಪಿಲಿಪಿವ್ ಮತ್ತು ವಾಸಿಲ್ ಎಲೆನಿಯಾಕ್ ಕೆನಡಾಕ್ಕೆ ಬಂದರು. ಅವರ ಹಿಂದೆ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಗಲೀಷಿಯಾ, ಬುಕೋವಿನಾ ಪ್ರಾಂತ್ಯಗಳ ಉಕ್ರೇನಿಯನ್ ರೈತರು ಸಾವಿರಗಟ್ಟಲೆ ಬಂದರು. ಹತ್ತು ಡಾಲರ್ ಶುಲ್ಕ ಕಟ್ಟಿದರೆ 160 ಎಕರೆ. ಭೂಮಿ ಸಿಕ್ಕಿತು, ಆದರೆ ಮೊದಲ ಚಳಿಗಾಲವನ್ನು ನೆಲ ಅಗೆದು ಹುಲ್ಲುಹೆಂಟೆ ಹೊದಿಸಿದ ಗುಡಿಸಲಿನಲ್ಲಿ ಕಳೆದವರು ಎಷ್ಟೋ ಜನ. ಅವರ ಭಾಷೆಯಲ್ಲಿ ಪೂಜೆ ನಡೆಸುವ ಪಾದ್ರಿ ಇರಲಿಲ್ಲ. ನೆಸ್ಟರ್ ದ್ಮಿತ್ರಿವ್ ಎಂಬ ಪಾದ್ರಿ ಅಮೆರಿಕದಿಂದ ಈ ಕಡೆಗೆ ಬಂದದ್ದು 1897ರಲ್ಲಿ. ಲಮಾಂಟಿನಲ್ಲಿ ಆಸ್ಪತ್ರೆಯ ಬಾಗಿಲು ತೆರೆದದ್ದು 1912ರಲ್ಲಿ. ಅಲ್ಲಿಯವರೆಗೆ ಹೆರಿಗೆ, ಜ್ವರ, ಮಗುವಿನ ಸಾವು, ಮನೆ ಬಿಟ್ಟು ಬಂದ ದುಃಖ, ಎಲ್ಲವನ್ನೂ ನೋಡಿಕೊಂಡವರು ಹೆಂಗಸರೇ. ಈ ನೆಲದ ಚರಿತ್ರೆಯಲ್ಲಿ ಉಳುವ ಗಂಡಸರ ಪ್ರತಿಮೆಗಳು ಬೇಕಾದಷ್ಟಿವೆ. ಮೇಣ ಕರಗಿಸಿದವರಿಗೂ ಅಷ್ಟೇ ದೊಡ್ಡ ಜಾಗ ಸಲ್ಲಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಚರ್ಚುಗಳು ಎದ್ದ ಮೇಲೂ ಅಡುಗೆಕೋಣೆಯ ಮದ್ದು ಚರ್ಚಿನಿಂದ ದೂರ ನಿಲ್ಲಲಿಲ್ಲ. ಕೆಲವು ಪಾದ್ರಿಗಳು ಇದನ್ನು ಮೂಢನಂಬಿಕೆ ಎಂದು ಗದರಿದ್ದುಂಟು. ಆದರೆ ವರ್ಷದ ಹಬ್ಬಗಳನ್ನೇ ನೋಡಿ. ಹಳೆಯ ಜೂಲಿಯನ್ ಪಂಚಾಂಗದಂತೆ ಜನವರಿ 19ರಂದು, ಯೇಸುವಿನ ದೀಕ್ಷಾಸ್ನಾನ ನೆನೆಯುವ ಜೋರ್ಡಾನ್ ಹಬ್ಬ. ಚಳಿಯಲ್ಲಿ ಪಾದ್ರಿ ನೀರನ್ನು ಮಂತ್ರಿಸುತ್ತಾರೆ. ಜನ ಅದನ್ನು ಬಾಟಲಿಯಲ್ಲಿ ತಂದು ಮನೆಗೆ, ಕೊಟ್ಟಿಗೆಗೆ ಚಿಮುಕಿಸಿ, ಉಳಿದದ್ದನ್ನು ವರ್ಷವಿಡೀ ಕಾಯಿಲೆಯವರಿಗಾಗಿ ಇಟ್ಟುಕೊಳ್ಳುತ್ತಾರೆ. ಈಸ್ಟರ್ ಹಬ್ಬದ ಹಿಂದಿನ ಭಾನುವಾರ ವಿಲೋ ಗಿಡದ ಕೊಂಬೆಗಳಿಗೆ ಆಶೀರ್ವಾದ. ಆ ಕೊಂಬೆಯಿಂದ ಒಬ್ಬರನ್ನೊಬ್ಬರು ಮೆಲ್ಲಗೆ ತಟ್ಟಿ, "ಹೊಡೆಯುವುದು ನಾನಲ್ಲ, ಈ ಕೊಂಬೆ, ಇನ್ನೊಂದು ವಾರಕ್ಕೆ ಹಬ್ಬ" ಎನ್ನುತ್ತಾರೆ. ಅದರ ಮೆತ್ತನೆಯ ಮೊಗ್ಗು ನುಂಗಿದರೆ ಗಂಟಲುನೋವು ಬಾರದೆಂಬ ಮಾತೂ ಇದೆ. ಫೆಬ್ರವರಿಯಲ್ಲಿ ಮಂತ್ರಿಸಿದ ಮೇಣದಬತ್ತಿಯನ್ನು ಗುಡುಗು ಸಿಡಿಲಿನ ಹೊತ್ತಿನಲ್ಲಿ ಹಚ್ಚುತ್ತಾರೆ, ಸಾಯುವವರ ಕೈಗೂ ಕೊಡುತ್ತಾರೆ. ಆಗಸ್ಟಿನಲ್ಲಿ ಆಶೀರ್ವಾದ ಗಸಗಸೆ ಕಾಯಿಗೆ, ಗಿಡಮೂಲಿಕೆಗೆ, ಆಮೇಲೆ ಸೇಬಿಗೆ. ಹೀಗಿರುವಾಗ ಪೂಜೆ ಯಾವುದು, ಔಷಧಿ ಯಾವುದು ಎಂದು ಗೆರೆ ಎಳೆಯುವುದು ಹೊರಗಿನವರ ಕೆಲಸ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಮಗುವಿಗೆ ಜ್ವರವಿದ್ದರೆ, ಉಗ್ಗು ಹೆಚ್ಚಾದರೆ ವೈದ್ಯರ ಹತ್ತಿರ ಹೋಗಿ. ಮೇಣ ಅದಕ್ಕೆ ಬದಲಿಯಲ್ಲ. ಆದರೂ ಹೆದರಿದ ಮಗುವನ್ನು "ಏನೂ ಆಗಿಲ್ಲ ಬಿಡು" ಎಂದು ಸುಮ್ಮನಾಗಿಸದೆ, ಅದರ ಭಯಕ್ಕೊಂದು ಆಕಾರ ಕೊಟ್ಟು, ಕೈಯಲ್ಲಿ ಹಿಡಿದು ತೋರಿಸಿ, ತಲೆ ನೇವರಿಸುವ ಈ ರೀತಿಯಲ್ಲಿ ಅಪಾರ ಪ್ರೀತಿ ಇದೆ.

ಈ ವಿದ್ಯೆ ಮನೆಯೊಳಗೇ ಕೈದಾಟುತ್ತಿತ್ತು. ಮೊಮ್ಮಕ್ಕಳು ಇಂಗ್ಲಿಷಿಗೆ ಹೊರಳಿದ ಮೇಲೆ ಎಷ್ಟೋ ಪ್ರಾರ್ಥನೆಗಳು ಅಜ್ಜಿಯರೊಂದಿಗೇ ಹೋದವು. ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿರುವ ಬೋಗ್ದಾನ್ ಮೆದ್ವಿದ್ಸ್ಕಿ ಉಕ್ರೇನಿಯನ್ ಜಾನಪದ ಸಂಗ್ರಹಾಲಯ ಇಂಥ ಜಾನಪದವನ್ನು ಕಾಪಿಡುವ ಕೆಲಸ ಮಾಡುತ್ತಿದೆ. ಇನ್ನೊಂದು ಕಡೆ, 2022ರ ಯುದ್ಧದ ನಂತರ ಉಕ್ರೇನಿನಿಂದ ಸುಮಾರು 3 ಲಕ್ಷ ಜನ ಕೆನಡಾಕ್ಕೆ ಬಂದಿದ್ದಾರೆ. ಸೈರನ್ ಸದ್ದಿಗೆ ಬೆಚ್ಚಿದ ಮಕ್ಕಳೂ ಅವರಲ್ಲಿದ್ದಾರೆ. ಅವರಿಗೆ ನುರಿತ ಆಪ್ತಸಮಾಲೋಚಕರು ಬೇಕು. ಭಾಷೆ ಗೊತ್ತಿರುವ ಒಬ್ಬ ಬಾಬಾ ಕೂಡ ಜೊತೆಗಿದ್ದರೆ ಎಷ್ಟು ಚೆನ್ನ.

ಈಗ ಕಾಣುತ್ತಿರುವುದು ಇದೇ ಕೌಂಟಿಯ ಸ್ಕಾರೋ ಎಂಬಲ್ಲಿನ ಕಲ್ಲಿನ ಗವಿ. ಮೇರಿ ಮಾತೆ ಕಾಣಿಸಿಕೊಂಡಳೆಂದು ಕಥೋಲಿಕರು ನಂಬುವ ಫ್ರಾನ್ಸಿನ ಲೂರ್ಡ್ಸ್ ಗವಿಯ ಮಾದರಿಯಲ್ಲಿ 1919ರಲ್ಲಿ ಕಟ್ಟಿದ್ದು. ಮುಂದೆ ಎಷ್ಟೋ ಉಕ್ರೇನಿಯನ್ ಚರ್ಚುಗಳನ್ನು ವಿನ್ಯಾಸ ಮಾಡಿದ ಫಿಲಿಪ್ ರೂ ಎಂಬ ಪಾದ್ರಿಯ ಕೈ ಇದರಲ್ಲಿದೆ. ಚರ್ಚು ಪೋಲಿಷ್ ಕಥೋಲಿಕರದು. ಯಾತ್ರೆಗೆ ಉಕ್ರೇನಿಯನ್ನರೂ ಬರುತ್ತಾರೆ. ಪ್ರತಿವರ್ಷ ಆಗಸ್ಟ್ 14ರ ಸಂಜೆ ಮೇಣದಬತ್ತಿ ಹಿಡಿದು ಮೆರವಣಿಗೆ. ಎಡ್ಮಂಟನ್ನಿನಲ್ಲಿರುವ ಕನ್ನಡಿಗರು ಖಂಡಿತ ಹೋಗಿ ಬನ್ನಿ. ಕೂರಲು ಮಡಚುವ ಕುರ್ಚಿ ಇರಲಿ, ಹೊತ್ತಿಳಿದ ಮೇಲೆ ಚಳಿಯಾಗುತ್ತದೆ, ಸ್ವೆಟರ್ ಮರೆಯಬೇಡಿ. ಅಲ್ಲಿ ಪ್ರಾರ್ಥಿಸುವವರ ಮುಖಕ್ಕೆ ಮಾತ್ರ ಮೊಬೈಲ್ ಹಿಡಿಯಬೇಡಿ.