ಟ್ಯೂಬ್ ಬಿಡಿ, ಅಂಗಿ ಬಿಚ್ಚಿ ತೋರಿಸಿ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಕಾರಣ ಒಂದು ಕಾಮೆಂಟ್.

ಕಿಡ್ನಿ ಕಸಿಯ ಎಪಿಸೋಡ್ ಮಾಡಿದ್ದೆನಲ್ಲ, ಅದರ ಕೆಳಗೆ ಒಬ್ಬರು ಕೇಳಿದ್ದರು: "ಅಪ್ಪನಿಗೆ ಟ್ರಾನ್ಸ್‌ಪ್ಲಾಂಟ್ ಆಗಿದೆ, ತೊಡೆಸಂದಿಯಲ್ಲಿ ತುಂಬಾ ತುರಿಕೆ, ಏನು ಮಾಡೋದು ಸರ್?" ನಾನು ಉತ್ತರ ಬರೆಯುವ ಮೊದಲೇ ಇನ್ನೊಬ್ಬ ಮಹಾನುಭಾವರು ಬರೆದುಬಿಟ್ಟಿದ್ದಾರೆ: "ಕಿಡ್ನಿನೇ ಬದಲಾಯಿಸಿಕೊಂಡು ಗಟ್ಟಿಯಾಗಿದ್ದಾರೆ, ತುರಿಕೆಗೆ ಯಾಕೆ ಟೆನ್ಶನ್? ಮೆಡಿಕಲ್‌ನಲ್ಲಿ ಒಂದು ಟ್ಯೂಬ್ ತಗೊಳ್ಳಿ ಬ್ರೋ." ಅದಕ್ಕೆ ಬಿದ್ದ ಲೈಕು ನನ್ನ ವಿಡಿಯೋಗೂ ಬಿದ್ದಿಲ್ಲ. ಹೊಟ್ಟೆಕಿಚ್ಚು ಅಂದುಕೊಳ್ಳಿ, ಪರವಾಗಿಲ್ಲ. ಆದರೆ ಮಾತು ಕೇಳಿ.

ಅಂಗ ಕಸಿ ಆದವರು ಚರ್ಮದ ಮೇಲೆ ಏನೇ ಕಂಡರೂ ಟ್ಯೂಬ್ ಹಚ್ಚುವ ಮೊದಲು ಡಾಕ್ಟರಿಗೆ ತೋರಿಸಬೇಕು. ಅಂಗಿ ಬಿಚ್ಚಿ ತೋರಿಸಬೇಕು. ನಾನು ಹೇಳುವುದು ಇಷ್ಟೇ.

ಯಾಕೆ? 1954ರಲ್ಲಿ ಬಾಸ್ಟನ್‌ನಲ್ಲಿ ಮೊದಲ ಬಾರಿ ಕಿಡ್ನಿ ಕಸಿ ಗೆದ್ದಿತು. ಕೊಟ್ಟವನು, ತೆಗೆದುಕೊಂಡವನು ಇಬ್ಬರೂ ತದ್ರೂಪಿ ಅವಳಿಗಳು. ಹಾಗಾಗಿ ಹೊಸ ಕಿಡ್ನಿಯನ್ನು ದೇಹ ಹೊರಗಿನದು ಎಂದುಕೊಳ್ಳಲೇ ಇಲ್ಲ. ನಮ್ಮ ನಿಮ್ಮಂಥವರಿಗೆ ಆ ಭಾಗ್ಯ ಇಲ್ಲ. ಅಮ್ಮನದೇ ಕಿಡ್ನಿ ಆದರೂ ಮೈಯ ರೋಗನಿರೋಧಕ ಶಕ್ತಿ ಅದರ ಮೇಲೆ ಬೀಳುತ್ತದೆ. ಅದನ್ನು ತಡೆಯಲು ಟ್ಯಾಕ್ರೋಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೋಲೋನ್. ಜೀವನಪೂರ್ತಿ. ಆ ಮಾತ್ರೆಗಳಿಗೆ ಕಿಡ್ನಿಯ ಸುತ್ತ ಮಾತ್ರ ಕೆಲಸ ಮಾಡಲು ಬರುವುದಿಲ್ಲ. ಇಡೀ ಮೈಯ ಶಕ್ತಿ ತಗ್ಗುತ್ತದೆ. ಹೊರಗಡೆ ನಿಂತಿರುವುದು ಚರ್ಮ. ಏಟು ಅದಕ್ಕೇ ಜಾಸ್ತಿ.

ಬೆರಳಿಗೆ ಒಂದೆರಡು ನರಹುಲಿ ಬಂದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಅವರಿಗೆ ಕೈತುಂಬ ಆಗಬಹುದು. ಸಿಬ್ಬ ಎದೆ, ಬೆನ್ನೆಲ್ಲ ಹರಡುತ್ತದೆ. ಸರ್ಪಸುತ್ತು ಅವರಲ್ಲಿ ಜಾಸ್ತಿ. ಕಜ್ಜಿಯದಂತೂ ವಿಚಿತ್ರ. ಕೆಲವರಿಗೆ ಚರ್ಮ ಹೊಪ್ಪಳೆಗಟ್ಟಿ ಅದರೊಳಗೆ ಸಾವಿರಾರು ಹುಳು ಇರುತ್ತವೆ, ಆದರೂ ತುರಿಕೆ ಅಷ್ಟಾಗಿ ಇರುವುದಿಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡಿ ಮುಳ್ಳು ಚುಚ್ಚಿತು ಎಂದುಕೊಳ್ಳಿ. ಎಷ್ಟೋ ದಿನ ಆದ ಮೇಲೆ ಅಲ್ಲೊಂದು ಗಂಟು. ನೋವಿಲ್ಲ. ಒಳಗೆ ಮಣ್ಣಿನ ಫಂಗಸ್ ಮನೆ ಮಾಡಿರಬಹುದು. ಇದಕ್ಕೆ ಯಾವ ಟ್ಯೂಬ್ ಹಚ್ಚುತ್ತೀರಿ, ಬ್ರೋ?

ಈಗ ಆ ಟ್ಯೂಬಿಗೇ ಬರೋಣ. ಅಂಗಡಿಯಲ್ಲಿ "ಹುಳುಕಡ್ಡಿಗೆ ಕೊಡಿ" ಎಂದರೆ ಬರುವುದು ಸಾಮಾನ್ಯವಾಗಿ ಮಿಕ್ಸ್ ಸರಕು. ಒಂದಿಷ್ಟು ಫಂಗಸ್ ಔಷಧಿ, ಒಂದಿಷ್ಟು ಆಂಟಿಬಯಾಟಿಕ್, ಜೊತೆಗೆ ಕ್ಲೋಬೆಟಾಸೋಲ್‌ನಂಥ ಜೋರಾದ ಸ್ಟೆರಾಯ್ಡ್. ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ. ಎಲ್ಲರಿಗೂ ಖುಷಿ. ಫಂಗಸ್ಸಿಗೆ ಇನ್ನೂ ಖುಷಿ, ಯಾಕೆಂದರೆ ಅದನ್ನು ಎದುರಿಸುವ ಅಳಿದುಳಿದ ಶಕ್ತಿಯನ್ನೂ ಸ್ಟೆರಾಯ್ಡ್ ಕುಗ್ಗಿಸಿದೆ. 2018ರಲ್ಲಿ ಸರ್ಕಾರ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿ ನಿಮ್ಮ ಬೀದಿಯಲ್ಲಿದ್ದರೆ ಹೇಳಿ, ಒಂದು ಎಪಿಸೋಡ್ ಮಾಡಿ ಸನ್ಮಾನ ಮಾಡೋಣ. ಅಂದ ಹಾಗೆ, ಈ ಎಪಿಸೋಡಿಗೆ ಪ್ರಾಯೋಜಕರಿಲ್ಲ. ಟ್ಯೂಬ್ ಕಂಪನಿಯವರು ಕೊಡುವ ಲಕ್ಷಣ ಕಾಣುತ್ತಿಲ್ಲ. ಸಬ್‌ಸ್ಕ್ರೈಬ್ ಆದರೂ ಮಾಡಿ.

ಟ್ಯೂಬಿನಲ್ಲಿ ಹೋಗಲಿಲ್ಲ ಎಂದರೆ ಅಂಗಡಿಯವನು ಫಂಗಸ್ ಮಾತ್ರೆ ಕೊಡುತ್ತಾನೆ. ಇಟ್ರಾಕೊನಜೋಲ್, ಇಲ್ಲವೇ ಫ್ಲುಕೊನಜೋಲ್. ಇಲ್ಲಿ ಸ್ವಲ್ಪ ಕಿವಿಗೊಡಿ. ಈ ಮಾತ್ರೆಗಳು ಟ್ಯಾಕ್ರೋಲಿಮಸ್ ಅನ್ನು ಲಿವರ್ ಕರಗಿಸದಂತೆ ತಡೆಯುತ್ತವೆ. ರಕ್ತದಲ್ಲಿ ಟ್ಯಾಕ್ರೋ ಲೆವೆಲ್ ಏರುತ್ತದೆ. ಕೈ ನಡುಗುತ್ತದೆ, ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮೇಲೆ ಹೋಗುತ್ತದೆ. ಯಾವ ಕಿಡ್ನಿ ಉಳಿಯಲಿ ಎಂದು ಇಷ್ಟೆಲ್ಲ ಮಾಡಿದ್ದೆವೋ ಆ ಕಿಡ್ನಿಗೇ ಪೆಟ್ಟು. ತೊಡೆಸಂದಿಯ ತುರಿಕೆಯಿಂದ! ಇದೇ ಗುಣವನ್ನು ನಮ್ಮ ದೇಶದ ಡಾಕ್ಟರುಗಳು ಜಾಣತನದಿಂದ ಬಳಸಿದ್ದೂ ಉಂಟು. ಸೈಕ್ಲೋಸ್ಪೋರಿನ್ ಎಂಬ ಕಸಿಯ ಮಾತ್ರೆ ದುಬಾರಿ ಎಂದು ಜೊತೆಗೆ ಕೀಟೊಕೊನಜೋಲ್ ಎಂಬ ಫಂಗಸ್ ಮಾತ್ರೆ ಕೊಟ್ಟು ಸೈಕ್ಲೋಸ್ಪೋರಿನ್ ಡೋಸ್ ಇಳಿಸಿ ರೋಗಿಯ ದುಡ್ಡು ಉಳಿಸಿದರು. ಆದರೆ ಅವರು ರಕ್ತದ ಲೆವೆಲ್ ನೋಡಿಕೊಂಡು ಮಾಡಿದರು. ಕೌಂಟರ್ ಹಿಂದೆ ನಿಂತ ಹುಡುಗ ಏನು ನೋಡಿ ಕೊಟ್ಟ? ನಿಮ್ಮ ಮುಖ ನೋಡಿ.

ಚಕ್ಕೋತವೂ ಟ್ಯಾಕ್ರೋ ಲೆವೆಲ್ ಏರಿಸಬಲ್ಲದು. ದೇವನಹಳ್ಳಿಯವರು ನನ್ನನ್ನು ಹೊಡೆಯಬೇಡಿ. ಹಣ್ಣು ಚೆನ್ನಾಗಿದೆ. ಕಸಿ ಆದವರಿಗೆ ಬೇಡ ಅಷ್ಟೇ.

ಇನ್ನೊಂದು ಕಾಮೆಂಟ್: "ಚರ್ಮದ ಕ್ಯಾನ್ಸರ್ ಬಿಳಿಯರ ರೋಗ, ನಮ್ಮ ಬಣ್ಣಕ್ಕೆ ಬರಲ್ಲ." ಅರ್ಧ ಸರಿ. ಅರ್ಧ ಸರಿ ಇರುವ ಮಾತೇ ನನಗೆ ಜಾಸ್ತಿ ಸಿಟ್ಟು ತರಿಸುವುದು. ನಾರ್ವೆಯಲ್ಲಿ 1999ರಲ್ಲಿ ಲೆಕ್ಕ ಹಾಕಿದಾಗ, ಕಿಡ್ನಿ ಅಥವಾ ಹೃದಯ ಕಸಿ ಆದವರಿಗೆ ಸ್ಕ್ವೇಮಸ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ಉಳಿದ ಜನರಿಗಿಂತ ಸುಮಾರು 65 ಪಟ್ಟು ಜಾಸ್ತಿ ಎಂದು ಕಂಡಿತು. ಅಜಾಥಯೋಪ್ರಿನ್ ಎಂಬ ಹಳೆಯ ಮಾತ್ರೆ ಬಿಸಿಲಿನ ಹೊಡೆತವನ್ನು ಇನ್ನೂ ಹೆಚ್ಚಿಸುತ್ತದೆ. ನಮ್ಮ ಚರ್ಮದ ಬಣ್ಣ ನಮ್ಮನ್ನು ಬಹಳ ಮಟ್ಟಿಗೆ ಕಾಯುತ್ತದೆ, ಒಪ್ಪಿದೆ. ಆದರೆ ಅಮೆರಿಕದಲ್ಲಿ ಕಪ್ಪು ಮೈಬಣ್ಣದ ಕಸಿ ರೋಗಿಗಳಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಬಿಸಿಲೇ ಕಾಣದ ಜಾಗಗಳಲ್ಲಿ ಸಿಕ್ಕಿದೆ. ಗುಪ್ತಾಂಗದ ಹತ್ತಿರ, ನರಹುಲಿ ತರುವ ವೈರಸ್ಸಿನ ಜೊತೆ. ಅಂದರೆ ನಾವು ನಾಚಿಕೊಂಡು ಮುಚ್ಚಿಡುವ ಜಾಗದಲ್ಲೇ! ಅದಕ್ಕೇ ನಾನು ಬಡಕೊಳ್ಳುವುದು, ಬಿಚ್ಚಿ ತೋರಿಸಿ ಎಂದು. ಮೊಣಕೈ ತೋರಿಸಿ "ಎಲ್ಲ ಚೆನ್ನಾಗಿದೆ ಡಾಕ್ಟ್ರೇ" ಎಂದು ಎದ್ದು ಬರುವುದಲ್ಲ.

"ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ಡಾಕ್ಟರ್, ಕೇಳಲೇ ಇಲ್ಲ" ಎನ್ನುತ್ತೀರಿ. ಕೇಳುವುದಿಲ್ಲ, ಗೊತ್ತು. ಹೊರಗೆ ಅಷ್ಟುದ್ದ ಸಾಲು, ಒಳಗೆ ರಿಪೋರ್ಟಿನ ಮೇಲೆ ಕಣ್ಣು. ನೀವೇ ಹೇಳಿ. ಚರ್ಮದ ಡಾಕ್ಟರಿಗೆ ಚೀಟಿ ಬರೆಸಿಕೊಳ್ಳಿ. ಅಲ್ಲಿ ಮೊದಲ ಮಾತೇ "ನನಗೆ ಕಸಿ ಆಗಿದೆ" ಎಂದಿರಲಿ, ಕೈಯಲ್ಲಿ ಮಾತ್ರೆಗಳ ಪಟ್ಟಿ ಇರಲಿ. ಮತ್ತೆ, ನನ್ನ ಮಾತು ಕೇಳಿ ಹೆದರಿ ಕಸಿಯ ಮಾತ್ರೆ ನಿಲ್ಲಿಸಿಬಿಟ್ಟೀರಿ, ಹುಷಾರ್! ನಿಲ್ಲಿಸಿದರೆ ಕಿಡ್ನಿ ಹೋಗುತ್ತದೆ. ಬದಲಾಯಿಸುವುದಿದ್ದರೆ ಡಾಕ್ಟರ್ ಬದಲಾಯಿಸುತ್ತಾರೆ. ಚರ್ಮದ ಕ್ಯಾನ್ಸರ್ ಬಂದವರಲ್ಲಿ ಕೆಲವರನ್ನು ಸಿರೊಲಿಮಸ್ ಎಂಬ ಇನ್ನೊಂದು ಕಸಿಯ ಮಾತ್ರೆಗೆ ದಾಟಿಸುವುದುಂಟು. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಔಷಧಿ ಅದು. ದೊಡ್ಡ ದೊಡ್ಡ ಕಲ್ಲಿನ ಮುಖಗಳಿವೆಯಲ್ಲ, ಅದೇ ದ್ವೀಪ. ಅದರ ಬಗ್ಗೆಯೇ ಒಂದು ಎಪಿಸೋಡ್ ಮಾಡಬಹುದು, ನೀವು ನೋಡುವುದಾದರೆ.

ಇಷ್ಟರಲ್ಲಿ ಬೇವಿನವರು ಬರುತ್ತಾರೆ. "ಬೇವಿನ ಎಲೆ ಅರೆದು ಹಚ್ಚಿ." ಹಚ್ಚಿ ಸ್ವಾಮಿ, ನಿಮಗೆ ಹಚ್ಚಿಕೊಳ್ಳಿ. ಅವರ ಹಿಂದೆಯೇ ಕಷಾಯದವರು: "ಇಮ್ಯುನಿಟಿ ಹೆಚ್ಚಿಸುವ ಕಷಾಯ ಕುಡಿಸಿ." ಅಲ್ಲ ಸ್ವಾಮಿ, ಇಮ್ಯುನಿಟಿ ತಗ್ಗಿಸಲು ಆ ಮನುಷ್ಯ ತಿಂಗಳು ತಿಂಗಳು ಸಾವಿರಾರು ರೂಪಾಯಿಯ ಮಾತ್ರೆ ನುಂಗುತ್ತಿದ್ದಾನೆ. ನೀವು ಹೆಚ್ಚಿಸಲು ಹೊರಟಿದ್ದೀರಾ?

ಟ್ಯೂಬ್ ಬೇಡ. ಎಲೆ ಬೇಡ. ಕಷಾಯ ಬೇಡ. ತೋರಿಸಿ. ಎಷ್ಟು ಸಲ ಹೇಳಲಿ, ತೋರಿಸಿ! "ನಾಚಿಕೆ ಆಗುತ್ತೆ" ಎಂದು ಒಬ್ಬರು ಬರೆದಿದ್ದಾರೆ. ಆಪರೇಷನ್ ಥಿಯೇಟರಿನಲ್ಲಿ ಅಷ್ಟು ಜನರ ಮುಂದೆ ಮಲಗಿ ಬಂದವರಿಗೆ ಈಗ ನಾಚಿಕೆ! "ನೀನೇನು ಡಾಕ್ಟರಾ?" ಎಂದು ಇನ್ನೊಬ್ಬರು. ಅಲ್ಲಪ್ಪ. ಅದಕ್ಕೇ ಅಲ್ವಾ ಡಾಕ್ಟರಿಗೆ ತೋರಿಸಿ ಎನ್ನುತ್ತಿರುವುದು?

ವಿಡಿಯೋ ಶೇರ್ ಮಾಡಿ. ಬೆಲ್ ಒತ್ತಿ. ಮುಂದಿನ ವಾರ ಡಯಾಲಿಸಿಸ್‌ನವರು ದಿನಕ್ಕೆ ಎಷ್ಟು ನೀರು ಕುಡಿಯಬೇಕು ಎಂಬ ಜಗಳ. ಇನ್ನೊಂದು ವಿಷಯ. ತೋರಿಸಿ ಎಂದೆ, ನನಗೆ ತೋರಿಸಿ ಎನ್ನಲಿಲ್ಲ. ಹೋದ ಸಲ ಯಾರೋ ಇನ್‌ಬಾಕ್ಸಿಗೆ ಬೆನ್ನಿನ ಫೋಟೋ ಕಳಿಸಿದ್ದರು. ಊಟ ಮಾಡುತ್ತಾ ತೆರೆದುಬಿಟ್ಟೆ.